‘ಸಹಕಾರಿ ಕಲಿಕೆ’ ಅಂದರೆ ಮಕ್ಕಳಿಗೆ ಏನು ಕೇಳಿಸುತ್ತದೆ?

ಗೆಳೆಯರೇ,

ಐದನೇ ತರಗತಿಯ ಪೌರನೀತಿ ಪಾಠಗಳಿಗೆ ಶಿಕ್ಷಕರ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡೆ.

ಮಕ್ಕಳು ಸಣ್ಣ ಗುಂಪಿನಲ್ಲಿ ಒಬ್ಬರಿಗೊಬ್ಬರು ಕಲಿಸುತ್ತಾ ಕಲಿಯುವ ಕೋಆಪರೇಟಿವ್ ಲರ್ನಿಂಗ್ ಅನ್ನುವುದಕ್ಕೆ ‘ಸಹಕಾರಿ ಕಲಿಕೆ’ ಎಂದು ಬರೆಯುವುದು ರೂಢಿ. ನನಗೋ, ‘ಸಹಕಾರಿ’ ಅಂದ ಕೂಡಲೇ ಸಂಘ, ಷೇರು, ಸಾಲ ನೆನಪಾಗುತ್ತದೆ. ಅದು ಹೋಗಲಿ, ಮಕ್ಕಳಿಗೆ ಷೇರಿನ ಗೊಡವೆ ಇಲ್ಲ. ಅವರ ಕಿವಿಗೆ ಬಿದ್ದಿರುವುದು ‘ದಯವಿಟ್ಟು ಸಹಕರಿಸಿ’. ಅಂದರೆ ಗಲಾಟೆ ಬೇಡ, ಸುಮ್ನೆ ಕೂತಿರಿ ಅಂತ ತಾನೇ? ಆದರೆ ಈ ವಿಧಾನದಲ್ಲಿ ಸುಮ್ನೆ ಕೂತರೆ ಪಾಠವೇ ನಡೆಯುವುದಿಲ್ಲ.

ಜಿಗ್ಸಾ ವಿಧಾನವನ್ನೇ ನೋಡಿ. 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಎಲಿಯಟ್ ಆರನ್‌ಸನ್ ಎಂಬ ಮನಶ್ಶಾಸ್ತ್ರಜ್ಞರು ಶುರು ಮಾಡಿದ್ದು. ಬಿಳಿಯ, ಕರಿಯ ಮಕ್ಕಳು ಆಗಷ್ಟೇ ಒಂದೇ ತರಗತಿಗೆ ಬಂದು, ಒಬ್ಬರನ್ನೊಬ್ಬರು ನಂಬದೆ ಕೂತಿದ್ದ ಕಾಲ ಅದು. ಪಾಠ ಸ್ಥಳೀಯ ಸರ್ಕಾರದ್ದು ಅಂದುಕೊಳ್ಳಿ. ನಾಲ್ವರ ಗುಂಪಿಗೆ ನಾಲ್ಕು ಚೀಟಿ: ಸದಸ್ಯರನ್ನು ಆರಿಸುವುದು ಹೇಗೆ, ದುಡ್ಡು ಎಲ್ಲಿಂದ ಬರುತ್ತದೆ, ಏನೇನು ಕೆಲಸ ಮಾಡಬೇಕು, ಮಾಡದಿದ್ದರೆ ಯಾರನ್ನು ಕೇಳಬೇಕು. ದುಡ್ಡಿನ ಚೀಟಿ ಸಿಕ್ಕವರೆಲ್ಲ ಒಂದು ಕಡೆ ಸೇರಿ ಓದುತ್ತಾರೆ, ಆಮೇಲೆ ತಮ್ಮ ತಮ್ಮ ಗುಂಪಿಗೆ ಮರಳಿ ಕಲಿಸುತ್ತಾರೆ. ಒಂದು ಗುಂಪಿನಲ್ಲಿ ತೆರಿಗೆ ವಿಷಯ ಆ ಚೀಟಿ ಸಿಕ್ಕ ಒಬ್ಬಳಿಗೇ ಗೊತ್ತು. ಅವಳು ಬಾಯಿ ಬಿಡದಿದ್ದರೆ ಉಳಿದ ಮೂವರಿಗೆ ಪಾಠ ಕುಂಟುತ್ತದೆ. ಕೊನೆಗೆ ಪರೀಕ್ಷೆ ಮಾತ್ರ ಒಬ್ಬೊಬ್ಬರಿಗೇ.

ಹಾಗಾಗಿ ‘ಗುಂಪು ಕಲಿಕೆ’ ಸಾಲದು. ಗುಂಪಿನಲ್ಲಿ ಒಬ್ಬ ಬರೆದು ಮೂವರು ಪೆನ್ಸಿಲ್ ಚೂಪು ಮಾಡುತ್ತಾ ಕೂರುವುದೂ ಉಂಟು! ‘ಸಹಯೋಗಿ ಕಲಿಕೆ’ಯನ್ನು ಕೊಲಾಬರೇಟಿವ್ ಲರ್ನಿಂಗ್ ಎಂಬ ಇನ್ನೊಂದು ಹೆಸರಿಗೆ ಬಿಟ್ಟುಕೊಟ್ಟಿದ್ದೇನೆ.

ನಾನು ಕಟ್ಟಿದ ಪದ ‘ಒಡಗಲಿಕೆ’. ಒಡನಾಟ, ಒಡಹುಟ್ಟು ಇದ್ದ ಹಾಗೆ. ಹೊಸ ಮತ್ತು ಕನ್ನಡ ಸೇರಿ ಹೊಸಗನ್ನಡ ಆದಂತೆ ಇಲ್ಲೂ ಕಕಾರ ಗಕಾರ ಆಗಿದೆ. ಸಂಧಿ ಸರಿಯಾಗಿದೆ ಎಂದು ಬೀಗುತ್ತಿದ್ದೆ. ಶಿಕ್ಷಕಿ ಗೆಳತಿಯೊಬ್ಬರು ಓದಿ, “ಏನು ಒಡೆಯೋಕೆ?” ಅಂದರು. ಹಾಗಾದರೆ ‘ಕೂಡಿಕಲಿಕೆ’ ಅನ್ನೋಣವೇ ಎಂದರೆ, ಅವರಿಗೆ ಲೆಕ್ಕದ ಪಾಠ ಅನಿಸುತ್ತದಂತೆ. ಇದು ಜಾಸ್ತಿ ಆಯ್ತು ಅಂತ ನನಗನಿಸಿತು. ಕೂಡುಕುಟುಂಬ ಅಂದಾಗ ಯಾರೂ ಲೆಕ್ಕ ಮಾಡುವುದಿಲ್ಲ, ಅಲ್ವಾ?

ಇನ್ನೆರಡು ತೊಡಕು. ಜಿಗ್ಸಾದಲ್ಲಿ ಒಂದೇ ಚೀಟಿ ಸಿಕ್ಕವರು ಸೇರಿ ಓದುವ ‘ಎಕ್ಸ್‌ಪರ್ಟ್ ಗ್ರೂಪ್’ ಕನ್ನಡದಲ್ಲಿ ‘ತಜ್ಞರ ಗುಂಪು’ ಆಗಿದೆ. ಹತ್ತು ವರ್ಷದ ಮಗು ತಜ್ಞೆಯೇ? ‘ಚೀಟಿ ಗುಂಪು’ ಸಾಕು ಅನ್ನುತ್ತೇನೆ. ಅವರು ಮರಳಿ ಕಲಿಸುವ ಮೊದಲಿನ ಗುಂಪು, ಅಂದರೆ ‘ಹೋಮ್ ಗ್ರೂಪ್’ಗೆ ‘ತವರು ಗುಂಪು’ ಬರೆದಿದ್ದೇನೆ. ಹೊರಗೆ ಹೋಗಿ ಏನಾದರೂ ಹೊತ್ತುಕೊಂಡು ಮರಳುವ ಜಾಗ ಎಂಬ ಅರ್ಥ ಅದರಲ್ಲಿ ತಾನಾಗಿ ಇದೆ. ಹುಡುಗರು ನಗುತ್ತಾರೋ ಏನೋ.

ಇನ್ನು ‘ಥಿಂಕ್-ಪೇರ್-ಶೇರ್’. 1981ರಲ್ಲಿ ಅಮೆರಿಕದ ಶಿಕ್ಷಣತಜ್ಞ ಫ್ರಾಂಕ್ ಲೈಮನ್ ಕೊಟ್ಟ ವಿಧಾನ. ‘ಯೋಚಿಸು, ಜೋಡಿಯಾಗು, ಹಂಚಿಕೋ’ ಎಂಬ ಅನುವಾದ ನೋಡಿದೆ. ‘ಜೋಡಿಯಾಗು’ ಅಂದರೆ ತರಗತಿ ಕಿಸಕ್ಕೆನ್ನುವುದು ಖಂಡಿತ. ‘ಯೋಚಿಸು, ಪಕ್ಕದವರಿಗೆ ಹೇಳು, ಎಲ್ಲರಿಗೂ ಹೇಳು’ ಎಂದು ಬದಲಾಯಿಸಿದೆ. ಉದ್ದವಾಯಿತು, ಆದರೆ ಮಗುವಿಗೆ ಏನು ಮಾಡಬೇಕೆಂದು ತಿಳಿಯುತ್ತದೆ.

‘ಒಡಗಲಿಕೆ’ ಉಳಿಸಿಕೊಳ್ಳಲೋ, ‘ಕೂಡಿಕಲಿಕೆ’ಗೆ ಹೋಗಲೋ? ತರಗತಿಯಲ್ಲಿ ನಿಂತು ಜೋರಾಗಿ ಹೇಳಿ ನೋಡಿದವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.