ಮೈಕ್ರೋರಾಪ್ಟರ್ ಗ್ಲೈಡರ್ ಮೂಗೆತ್ತಿ ಬೀಳುತ್ತಿದೆ, ಮೂರು ವಾರದಿಂದ ಒದ್ದಾಡುತ್ತಿದ್ದೇನೆ

ನಾಲ್ಕುರೆಕ್ಕೆ
ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಮಾಡೆಲ್ ಹಿಡಿದು ಕೂತಿದ್ದೇನೆ, ತಲೆ ಕೆಟ್ಟುಹೋಗಿದೆ.

ಮಾಡಿರುವುದು ಮೈಕ್ರೋರಾಪ್ಟರ್ ಗುಯಿ. ಚೀನಾದ ಲಿಯಾವೊನಿಂಗ್‌ನಲ್ಲಿ ಸಿಕ್ಕಿ, 2003ರಲ್ಲಿ ಹೆಸರು ಪಡೆಯಿತಲ್ಲ, ಕಾಲಿಗೂ ರೆಕ್ಕೆ ಇರುವ ಆ ಪುಟ್ಟ ಡೈನೋಸಾರ್. ಪಳೆಯುಳಿಕೆ ಮೂಗಿನಿಂದ ಬಾಲದ ತುದಿವರೆಗೆ ಸುಮಾರು 77 ಸೆಂ.ಮೀ. ಇದೆ. ನನ್ನದೂ ಅದೇ ಅಳತೆ. 3 ಮಿ.ಮೀ. ಡೆಪ್ರಾನ್ (ಹಗುರವಾದ ಫೋಮ್ ಹಾಳೆ), ಕಾರ್ಬನ್ ರಾಡ್. ಮೋಟರ್ ಇಲ್ಲ, ರೇಡಿಯೋ ಇಲ್ಲ. ಕೈಯಿಂದ ಎಸೆಯುವುದು, ಅಷ್ಟೇ.

ಬಿಟ್ಟ ತಕ್ಷಣ ಮೂಗು ಎತ್ತುತ್ತದೆ. ಗಾಳಿಯಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ಬಾಲ ಕೆಳಗಾಗಿ ದೊಪ್ಪನೆ ಬೀಳುತ್ತದೆ. ನಿನ್ನೆ 17 ಸಲ ಎಸೆದೆ, 17 ಸಲವೂ ಇದೇ ಕತೆ. ಅಳತೆ ಎಲ್ಲ ಸರಿಯಾಗಿದೆ, ಮೂರು ಸಲ ನೋಡಿದ್ದೇನೆ. ಎಲ್ಲಿ ತಪ್ಪಿದ್ದೇನೆ ಅಂತ ದಯವಿಟ್ಟು ಹೇಳಿ.

ಗಾಳಿಗುದುರೆ
ಸಿ.ಜಿ., ಅಂದರೆ ಭಾರದ ಕೇಂದ್ರ, ಹಿಂದಿದೆ. ಮೂಗಿಗೆ ಭಾರ ಹಾಕಿ. ಇಷ್ಟು ಉದ್ದ ಬಾಲದ ಮಾಡೆಲ್‌ಗೆ ಇದು ಯಾವಾಗಲೂ ಇದ್ದದ್ದೇ. ಒಂದು ರೂಪಾಯಿ ನಾಣ್ಯ ಎರಡು ಅಂಟಿಸಿ ಎಸೆದು ನೋಡಿ.

ನಾಲ್ಕುರೆಕ್ಕೆ
ಎರಡು ಹಾಕಿದೆ ಸರ್. ಜಾಸ್ತಿ ಏನೂ ಬದಲಾಗಲಿಲ್ಲ.

ಗಾಳಿಗುದುರೆ
ನಾಲ್ಕು ಹಾಕಿ.

ಪಳೆಯುಳಿಕೆ_ಪ್ರಿಯೆ
ಮಾಡೆಲ್ ಕೇಳಿಯೇ ಖುಷಿಯಾಯಿತು! ಒಂದು ವಿಷಯ ಹೇಳಿ, ಕಾಲನ್ನು ಹೇಗೆ ಇಟ್ಟಿದ್ದೀರಿ? ಹಾರುವವರಿಗೂ ನಮಗೂ ಅದೇ ಮುಖ್ಯ ಪ್ರಶ್ನೆ. 2003ರಲ್ಲಿ ಇದಕ್ಕೆ ಹೆಸರಿಟ್ಟ ವಿಜ್ಞಾನಿ ಷು ಷಿಂಗ್ ಮತ್ತು ಜೊತೆಯವರು ಕಾಲನ್ನು ಪಕ್ಕಕ್ಕೆ ಚಾಚಿದ ಹಾಗೆ ತೋರಿಸಿದ್ದರು. ಆದರೆ ಸೊಂಟದ ಕೀಲು ಹಲ್ಲಿಯ ಹಾಗೆ ಅಗಲಿಸಿಕೊಳ್ಳಲು ಬಿಡುವುದಿಲ್ಲ ಅಂತ ತುಂಬಾ ಜನ ಹೇಳಿದರು. 2007ರಲ್ಲಿ ಶಂಕರ್ ಚಟರ್ಜಿ, ಟೆಂಪ್ಲಿನ್ ಇಬ್ಬರೂ ಕಾಲನ್ನು ದೇಹದ ಕೆಳಗೆ ಮಡಚಿ, ಹಳೇ ಕಾಲದ ಎರಡು ಅಂತಸ್ತಿನ ವಿಮಾನದ ಹಾಗೆ ಇಟ್ಟರು. ನಿಮ್ಮದು ಯಾವುದು?

ನಾಲ್ಕುರೆಕ್ಕೆ
ಮೇಡಂ, ಎರಡು ಅಂತಸ್ತಿನದು. ಕಾಲು ಕೆಳಗೆ, ಸ್ವಲ್ಪ ಹಿಂದೆ.

ಗಾಳಿಗುದುರೆ
ಸಿಕ್ಕಿತು ನೋಡಿ. 2010ರಲ್ಲಿ ಕಾನ್ಸಾಸ್ ವಿಶ್ವವಿದ್ಯಾಲಯದವರು ಇದನ್ನೇ ಮಾಡಿ ಎಸೆದು ನೋಡಿದ್ದಾರೆ. ಕಾಲು ಅಗಲಿಸಿದ ಮಾಡೆಲ್ ಚೆನ್ನಾಗಿ ತೇಲಿತು. ಕಾಲು ಕೆಳಗಿಟ್ಟ ಮಾಡೆಲ್ ಸ್ಥಿರವಾಗಬೇಕಾದರೆ ತಲೆಗೆ ವಿಪರೀತ ಭಾರ ಬೇಕಾಯಿತು. ಅಂದಮೇಲೆ ನಾನು ಹೇಳಿದ್ದೇ ಸರಿ. ಆರು ನಾಣ್ಯ ಹಾಕಿ.

ಪಳೆಯುಳಿಕೆ_ಪ್ರಿಯೆ
ಸರ್, ಅಲ್ಲಿಗೇ ಕತೆ ಮುಗಿಯಲಿಲ್ಲ. 2013ರಲ್ಲಿ ಸೌತಾಂಪ್ಟನ್‌ನ ತಂಡ ನಿಜವಾದ ಅಳತೆಯ ಮಾಡೆಲ್ ಮಾಡಿ ವಿಂಡ್ ಟನಲ್‌ನಲ್ಲಿ (ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗ) ಇಟ್ಟಿತು. ಕಾಲು ಹೇಗಿದ್ದರೂ ಜಾಸ್ತಿ ವ್ಯತ್ಯಾಸ ಕಾಣಲಿಲ್ಲ ಅಂತ ಅವರ ಮಾತು. ನಿಧಾನವಾಗಿ, ಎತ್ತುವ ಬಲವೂ ಎಳೆತವೂ ಎರಡೂ ಜಾಸ್ತಿ ಇರುವ ಹಾಗೆ ತೇಲುವಾಗ ಪ್ರಾಣಿ ಸ್ಥಿರವಾಗಿರುತ್ತಿತ್ತು. ತಲೆ ಭಾರ ಮಾಡುವುದೊಂದೇ ದಾರಿ ಅಲ್ಲ. ಜೀವಂತ ಪ್ರಾಣಿಗೆ ಹಗುರವಾದ ತಲೆಯೇ ಇತ್ತು, ಅಲ್ವಾ?

ಗಾಳಿಗುದುರೆ
ಜೀವಂತ ಪ್ರಾಣಿ ಕಾಲು, ಬಾಲ ಅಲ್ಲಾಡಿಸಿ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತಿತ್ತು. ಡೆಪ್ರಾನ್ ಮಾಡಿಕೊಳ್ಳುವುದಿಲ್ಲ. ನಾನು ಇಪ್ಪತ್ತು ವರ್ಷದಿಂದ ಗ್ಲೈಡರ್ ಎಸೆಯುತ್ತಿದ್ದೇನೆ ಮೇಡಂ. ಮೂಗು ಎತ್ತಿದರೆ ಮೂಗಿಗೆ ಭಾರ. ಇದರಲ್ಲಿ ಚರ್ಚೆ ಇಲ್ಲ.

ಫೋಮ್‌ಕಟ್ಟರ್
ಡೆಪ್ರಾನ್ ಬಿಡಿ ಗುರು. ನಾನು ನೈಕ್ರೋಮ್ ತಂತಿಯ ಹಾಟ್ ವಯರ್ ಮಾಡಿಕೊಂಡಿದ್ದೇನೆ, ಹಳೇ ಲ್ಯಾಪ್‌ಟಾಪ್ ಚಾರ್ಜರ್ ಹಾಕಿ ನಡೆಸುತ್ತೇನೆ. ಥರ್ಮಾಕೋಲ್ ಬೆಣ್ಣೆ ಹಾಗೆ ಕತ್ತರಿಸುತ್ತದೆ. ಒಂದೂವರೆ ಮೀಟರ್ ರೆಕ್ಕೆ ನಾಲ್ಕು ನಿಮಿಷದಲ್ಲಿ ಮುಗಿಯಿತು. ಮೇಲೆ ಬ್ರೌನ್ ಟೇಪ್, ಒಳಗೆ ಬಿದಿರು ಕಡ್ಡಿ. ಅಂಟು ಮಾತ್ರ ನೋಡಿ ಹಾಕಿ, ಸಾಮಾನ್ಯ ಸೂಪರ್ ಗ್ಲೂ ಥರ್ಮಾಕೋಲನ್ನು ತಿಂದುಬಿಡುತ್ತದೆ. ಫೋಟೋ ಬೇಕಾದರೆ ಹಾಕುತ್ತೇನೆ.

ಇನ್ನೊಂದು ವಿಷಯ, ಬಣ್ಣ ಯಾವುದು ಹಾಕಿದ್ದೀರಿ? ಕಂದು ಹಾಕಿದರೆ ಗಿಡುಗದ ಹಾಗೆ ಚೆನ್ನಾಗಿ ಕಾಣುತ್ತದೆ.

ಪಳೆಯುಳಿಕೆ_ಪ್ರಿಯೆ
ಕಂದು ಬೇಡ! ಬಣ್ಣ ಗೊತ್ತಿರುವ ಕೆಲವೇ ಡೈನೋಸಾರ್‌ಗಳಲ್ಲಿ ಇದೂ ಒಂದು. 2012ರಲ್ಲಿ ಗರಿಯೊಳಗಿನ ಬಣ್ಣದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಉದ್ದ, ಸಪೂರ ಕಣಗಳು ಸಾಲಾಗಿ ಜೋಡಿಸಿಕೊಂಡಿದ್ದವು. ಹೊಳೆಯುವ ಕಪ್ಪು ಗರಿಯ ಹಕ್ಕಿಗಳಲ್ಲಿ ಹೀಗೆಯೇ ಇರುತ್ತದೆ. ಬಿಸಿಲಿಗೆ ಹಿಡಿದ ಕಾಗೆಯ ಬೆನ್ನು ನೋಡಿ, ನೀಲಿ ಮಿಂಚುತ್ತದಲ್ಲ, ಹಾಗೆ.

ಫೋಮ್‌ಕಟ್ಟರ್
ಆದರೆ ಅದು ರಾತ್ರಿ ಬೇಟೆಯಾಡುತ್ತಿತ್ತು ಅಂತ ಓದಿದ್ದೆ. ಕಣ್ಣಿನ ಸುತ್ತಲಿನ ಮೂಳೆಯ ಬಳೆ ನೋಡಿ ಹೇಳಿದ್ದು. ಕತ್ತಲಲ್ಲಿ ಹೊಳಪು ಯಾರಿಗೆ ಬೇಕು?

ಪಳೆಯುಳಿಕೆ_ಪ್ರಿಯೆ
ಅದೇ ಜಗಳ ವಿಜ್ಞಾನಿಗಳಲ್ಲಿಯೂ ನಡೆದದ್ದು. ರಾತ್ರಿ ಸಂಚಾರಿ ಅಂದದ್ದು 2011ರಲ್ಲಿ. ಮರುವರ್ಷವೇ ಹೊಳೆಯುವ ಗರಿಯ ಸುದ್ದಿ ಬಂತು. ಈಗಿನ ಹಕ್ಕಿಗಳಲ್ಲಿ ಇಂಥ ಹೊಳಪು ಹೆಚ್ಚಾಗಿ ಹಗಲಿನ ಹಕ್ಕಿಗಳದ್ದು. ನನಗೆ ಹಗಲಿನ ಕಡೆಯೇ ಒಲವು.

ಫೋಮ್‌ಕಟ್ಟರ್
ಹಾಗಾದರೆ ಬಾಯಲ್ಲಿ ಒಂದು ಹಲ್ಲಿ ಇಡಿ, ಚೆನ್ನಾಗಿರುತ್ತದೆ.

ಪಳೆಯುಳಿಕೆ_ಪ್ರಿಯೆ
ಹಲ್ಲಿಯೇ ಯಾಕೆ, ಬೇಕಾದ್ದು ಇಡಬಹುದು. ಹೊಟ್ಟೆಯಲ್ಲಿ ಮರದ ಮೇಲಿನ ಹಕ್ಕಿ ಸಿಕ್ಕಿದ್ದು 2011ರಲ್ಲಿ ವರದಿಯಾಯಿತು, ಮೀನು 2013ರಲ್ಲಿ, ಹಲ್ಲಿ 2019ರಲ್ಲಿ, ಪುಟ್ಟ ಸಸ್ತನಿಯ ಪಾದ 2022ರಲ್ಲಿ. ಕಂಡದ್ದನ್ನೆಲ್ಲ ತಿನ್ನುತ್ತಿತ್ತು. ಆ ಹಲ್ಲಿ ಇಡಿಯಾಗಿ, ತಲೆ ಮುಂದಾಗಿ ನುಂಗಿದ್ದ ಹಾಗೆ ಸಿಕ್ಕಿತು. ಹೊಸ ಜಾತಿಯದಾದ್ದರಿಂದ ಅದಕ್ಕೆ ಇಂದ್ರಸಾರಸ್ ಅಂತ ಹೆಸರಿಟ್ಟರು. ವೃತ್ರ ಇಂದ್ರನನ್ನು ನುಂಗಿದ ಕತೆ ನಮಗೆಲ್ಲ ಗೊತ್ತಿರುವುದೇ, ಅದರಿಂದಲೇ ಬಂದ ಹೆಸರು. ಲಿಯಾವೊನಿಂಗ್‌ನ ಕಲ್ಲಿನಲ್ಲಿ ಇಂದ್ರನ ಹೆಸರು ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು.

ನಾಲ್ಕುರೆಕ್ಕೆ
ದಯವಿಟ್ಟು ನನ್ನ ಪ್ರಶ್ನೆಗೆ ಬನ್ನಿ. ಆರು ನಾಣ್ಯ ಹಾಕಿದೆ. ಮೊದಲಿಗಿಂತ ಜೋರಾಗಿ ಮೂಗು ಎತ್ತಿತು! ಬಿದ್ದ ಪೆಟ್ಟಿಗೆ ಮೂತಿಯ ಹತ್ತಿರ ಡೆಪ್ರಾನ್ ಮುರಿದಿದೆ. ಭಾರ ಹಾಕಿದಷ್ಟೂ ಕೆಡುತ್ತಿದೆ, ಇದು ಹೇಗೆ ಸಾಧ್ಯ?

ಗಾಳಿಗುದುರೆ
ಭಾರ ಸರಿಯಾದ ಜಾಗದಲ್ಲಿ ಇಲ್ಲ. ಇನ್ನೂ ಮುಂದೆ ಇರಬೇಕು.

ಹಳೇಬಾಲ್ಸಾ
ನಾಣ್ಯ ಪಕ್ಕಕ್ಕಿಡಿ. ಎರಡು ಪ್ರಶ್ನೆ ಕೇಳುತ್ತೇನೆ.

ಒಂದು, ಮೆಲ್ಲಗೆ ಬಿಟ್ಟರೆ ಏನಾಗುತ್ತದೆ? ಎರಡು, ಕಾಲಿನ ರೆಕ್ಕೆಯನ್ನು ದೇಹಕ್ಕೆ ಹೇಗೆ ಜೋಡಿಸಿದ್ದೀರಿ? ಬಾಲ, ಮುಂದಿನ ರೆಕ್ಕೆ ಬೇಡ. ಕಾಲಿನದು ಮಾತ್ರ ಹೇಳಿ.

ನಾಲ್ಕುರೆಕ್ಕೆ
ಮೆಲ್ಲಗೆ ಬಿಟ್ಟರೆ ಪರವಾಗಿಲ್ಲ ಸರ್, ಐದಾರು ಹೆಜ್ಜೆ ನೆಟ್ಟಗೆ ಹೋಗುತ್ತದೆ. ಅದನ್ನು ಹೇಳಬೇಕು ಅಂತ ಅನ್ನಿಸಲಿಲ್ಲ.

ಕಾಲಿನದು ಎಲ್ಲರೂ ಮಾಡುವ ಹಾಗೆಯೇ. 2 ಮಿ.ಮೀ. ರಾಡ್, ಮಂಡಿ ಹತ್ತಿರ ಸೈಕಲ್ ವಾಲ್ವ್ ಟ್ಯೂಬ್. ಕಾಲನ್ನು ಬೇಕಾದ ಹಾಗೆ ತಿರುಗಿಸಿ ಎರಡೂ ಬಗೆಯಲ್ಲಿ ಎಸೆದು ನೋಡಬಹುದು ಅಂತ ಟ್ಯೂಬ್ ಹಾಕಿದೆ. ಡೆಪ್ರಾನ್ ತುಂಡು ಆ ರಾಡ್ ಮೇಲೆ ಅಂಟಿದೆ. ಕಾಲಿನ ರೆಕ್ಕೆಯ ಮುಂದಿನ ಅಂಚು ಎರಡು ಡಿಗ್ರಿ ಕೆಳಗೆ.

ಹಳೇಬಾಲ್ಸಾ
ರಾಡ್ ಡೆಪ್ರಾನ್‌ನ ಎಲ್ಲಿದೆ? ಮುಂದಿನ ಅಂಚಿಗಾ, ನಡುವಿಗಾ?

ನಾಲ್ಕುರೆಕ್ಕೆ
ಸರಿಯಾಗಿ ನಡುವೆ. ಗಟ್ಟಿಯಾಗಿರಲಿ ಅಂತ.

ಹಳೇಬಾಲ್ಸಾ
ನನ್ನ ಅನುಮಾನ ಅಲ್ಲಿಯೇ. ಟೇಬಲ್ ಫ್ಯಾನ್ ಇದೆಯಾ? ಮಾಡೆಲ್‌ನ ಹೊಟ್ಟೆ ಹಿಡಿದು, ಮೂಗು ಫ್ಯಾನ್ ಕಡೆ ಮಾಡಿ ನಿಲ್ಲಿ. ಒಂದನೇ ಸ್ಪೀಡ್, ಎರಡು, ಮೂರು. ಕಾಲಿನ ರೆಕ್ಕೆಯ ಮುಂದಿನ ಅಂಚನ್ನು ಮಾತ್ರ ಪಕ್ಕದಿಂದ ನೋಡುತ್ತಿರಿ. ಬೇರೆ ಏನೂ ನೋಡಬೇಡಿ.

ಗಾಳಿಗುದುರೆ
ಫ್ಯಾನ್ ಗಾಳಿ ಸುತ್ತಿಕೊಂಡು ಬರುತ್ತದೆ, ಅದರಲ್ಲಿ ಪರೀಕ್ಷೆ ಮಾಡಿ ಏನೂ ತಿಳಿಯುವುದಿಲ್ಲ.

ಹಳೇಬಾಲ್ಸಾ
ಅಳತೆಗೆ ಆಗುವುದಿಲ್ಲ, ಒಪ್ಪುತ್ತೇನೆ. ಏನು ತಿರುಗುತ್ತಿದೆ ಅಂತ ನೋಡಲು ಸಾಕು.

ನಾಲ್ಕುರೆಕ್ಕೆ
ಈಗಷ್ಟೇ ನೋಡಿದೆ. ಕೈ ನಡುಗುತ್ತಿದೆ.

ಒಂದನೇ ಸ್ಪೀಡ್‌ನಲ್ಲಿ ಏನೂ ಇಲ್ಲ. ಎರಡಕ್ಕೆ ಮುಂದಿನ ಅಂಚು ಅಕ್ಕಿ ಕಾಳಿನಷ್ಟು ಬಾಗಿತು. ಮೂರಕ್ಕೆ ಟ್ಯೂಬ್ ತಿರುಚಿಕೊಂಡು ಅಂಚು ಒಂದು ಬೆರಳಷ್ಟು ಕೆಳಗೆ ಹೋಯಿತು! ಮಾಡೆಲ್‌ನ ಹಿಂಭಾಗ ಕೈಯನ್ನೇ ಕೆಳಕ್ಕೆ ಜಗ್ಗುತ್ತಿತ್ತು. ಫ್ಯಾನ್ ಆರಿಸಿದ ಕೂಡಲೇ ಮೊದಲಿನ ಹಾಗೆ ನೆಟ್ಟಗೆ. ಮೇಜಿನ ಮೇಲೆ ಎಷ್ಟು ಸಲ ಅಳೆದರೂ ಸರಿ ಕಾಣುತ್ತಿದ್ದದ್ದು ಇದಕ್ಕೇನಾ?

ಹಳೇಬಾಲ್ಸಾ
ಇದಕ್ಕೇ. ರೆಕ್ಕೆಯ ಮೇಲೆ ಗಾಳಿಯ ಬಲ ಕೂರುವುದು ನಡುವೆ ಅಲ್ಲ, ಮುಂದಿನ ಅಂಚಿನಿಂದ ಅಗಲದ ನಾಲ್ಕನೇ ಒಂದು ಭಾಗದಷ್ಟು ಹಿಂದೆ. ನಿಮ್ಮ ರಾಡ್ ಅದರ ಹಿಂದಿದೆ. ಮುಂದಿನ ಅಂಚು ಎರಡು ಡಿಗ್ರಿ ಕೆಳಗಿದ್ದರಿಂದ ಗಾಳಿ ಅದನ್ನು ಇನ್ನೂ ಕೆಳಕ್ಕೆ ಒತ್ತುತ್ತದೆ. ಬಾಗಿದಷ್ಟೂ ಒತ್ತಡ ಜಾಸ್ತಿ, ಒತ್ತಿದಷ್ಟೂ ಬಾಗು ಜಾಸ್ತಿ. ಹಿಂಭಾಗ ಕೆಳಗೆ ಹೋಗುತ್ತದೆ, ಮೂಗು ಎತ್ತುತ್ತದೆ. ನಾಣ್ಯ ಹಾಕಿದಾಗ ವೇಗ ಹೆಚ್ಚಿತು, ತಿರುಚುವುದೂ ಹೆಚ್ಚಿತು. ಅದಕ್ಕೇ ಕೆಟ್ಟಿತು.

ಪಳೆಯುಳಿಕೆ_ಪ್ರಿಯೆ
ಅಯ್ಯೋ, ಇದು ಪಳೆಯುಳಿಕೆಯಲ್ಲೇ ಇದೆಯಲ್ಲ! ನಾನೇ ಮೊದಲು ಕೇಳಬೇಕಿತ್ತು.

ಮೈಕ್ರೋರಾಪ್ಟರ್‌ನ ಪಾದದ ಉದ್ದ ಗರಿಗಳು ಮೂಳೆಯಿಂದ ಹಿಂದಕ್ಕೆ ಚಾಚಿಕೊಂಡಿವೆ. ಮೂಳೆ ನಡುವೆ ಇಲ್ಲ, ಅಂಚಿನಲ್ಲಿದೆ. ಒಂದೊಂದು ಗರಿಯಲ್ಲೂ ಇದೇ ಏರ್ಪಾಡು. ಗರಿಯ ದಂಟಿನ ಒಂದು ಪಕ್ಕ ಕಿರಿದು, ಇನ್ನೊಂದು ಪಕ್ಕ ಅಗಲ. ಕಿರಿದಾದದ್ದು ಗಾಳಿಗೆ ಎದುರಾಗಿರುತ್ತದೆ. ಓಡುವ ಹಕ್ಕಿ ಆಸ್ಟ್ರಿಚ್‌ನ ಗರಿ ಎರಡೂ ಪಕ್ಕ ಒಂದೇ ಅಗಲ. ಹಾರುವವುಗಳದ್ದು ಹಾಗಲ್ಲ. ಕಾಲಿನ ಗರಿಯಲ್ಲೂ ಈ ಅಗಲದ ವ್ಯತ್ಯಾಸ ಕಂಡಿದ್ದರಿಂದಲೇ 2003ರಲ್ಲಿ ಎಲ್ಲರೂ ಎದ್ದು ಕೂತದ್ದು. ಅಲಂಕಾರಕ್ಕಾದರೆ ದಂಟು ಮುಂದಿರಬೇಕಾಗಿಲ್ಲ.

ಟೆರೇಸ್ ಮೇಲೆ ಪಾರಿವಾಳದ ರೆಕ್ಕೆ ಗರಿ ಬಿದ್ದಿರುತ್ತದೆ, ಒಂದು ತಂದು ಅದೇ ಫ್ಯಾನ್ ಎದುರು ಹಿಡಿಯಿರಿ. ಕಿರಿದಾದ ಪಕ್ಕ ಮುಂದಿದ್ದರೆ ಸುಮ್ನೆ ನಿಲ್ಲುತ್ತದೆ. ತಿರುಗಿಸಿ ಅಗಲ ಪಕ್ಕ ಮುಂದೆ ಮಾಡಿ, ಬೆರಳ ನಡುವೆಯೇ ಹೊರಳಿಕೊಳ್ಳುತ್ತದೆ.

ನಾಲ್ಕುರೆಕ್ಕೆ
ಮಾಡಿದೆ ಮೇಡಂ. ನಿಜ, ಬೆರಳಿಗೆ ಗೊತ್ತಾಗುತ್ತದೆ. ಮಗಳು ಕೈಯಿಂದ ಕಿತ್ತುಕೊಂಡು ಅರ್ಧ ಗಂಟೆ ಅದನ್ನೇ ಆಡಿದಳು. ರಾತ್ರಿಯೇ ರಾಡ್ ಬಿಡಿಸಿ ಮುಂದಿನ ಅಂಚಿಗೆ ಹಾಕುತ್ತೇನೆ.

ಫೋಮ್‌ಕಟ್ಟರ್
ಹಾಟ್ ವಯರ್ ಫೋಟೋ ಯಾರೂ ಕೇಳಲಿಲ್ಲ, ಆದರೂ ಹಾಕಿದ್ದೇನೆ. ಸ್ಪ್ರಿಂಗ್ ಕಟ್ಟಿರುವುದು ನೋಡಿ, ತಂತಿ ಬಿಸಿಗೆ ಉದ್ದವಾದರೂ ಜೋಲು ಬೀಳುವುದಿಲ್ಲ.

ನಾಲ್ಕುರೆಕ್ಕೆ
ಇವತ್ತು ಬೆಳಗ್ಗೆ ಆರಕ್ಕೇ ಮೈದಾನಕ್ಕೆ ಹೋದೆ, ಗಾಳಿ ಏಳುವ ಮೊದಲು. ರಾಡ್ ಮುಂದಿನ ಅಂಚಿಗೆ, ನಾಲ್ಕು ನಾಣ್ಯ ತೆಗೆದೆ, ಎರಡು ಉಳಿಸಿದೆ. ಹತ್ತು ಸಲ ಎಸೆದೆ. ಮೂಗು ಒಮ್ಮೆಯೂ ಎತ್ತಲಿಲ್ಲ. ಎಂಟು ಸಲ ನೆಟ್ಟಗೆ ತೇಲಿ ಹೋಗಿ ಹುಲ್ಲಿನ ಮೇಲೆ ಹೊಟ್ಟೆ ಸವರಿ ನಿಂತಿತು. ಒಂದು ಸಲ 22 ಹೆಜ್ಜೆ! ಕಾಲು ಕೆಳಗೆ, ಬಾಲದ ಬೀಸಣಿಗೆ ಹಿಂದೆ, ಕಪ್ಪು ಬಣ್ಣದ ಮೇಲೆ ಎಳೆ ಬಿಸಿಲು. 12 ಕೋಟಿ ವರ್ಷ ಹಿಂದಿನದು ಕಣ್ಣೆದುರು ಹೋದ ಹಾಗೆ ಆಯಿತು. ಹಳೇಬಾಲ್ಸಾ ಸರ್, ಮೇಡಂ, ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ.

ಗಾಳಿಗುದುರೆ
ಒಳ್ಳೆಯದಾಯಿತು. ಆದರೆ ಎರಡು ನಾಣ್ಯ ಉಳಿಸಿದ್ದೀರಲ್ಲ, ಅದನ್ನು ತೆಗೆಯಬೇಡಿ. ಅಷ್ಟು ಭಾರ ಬೇಕು ಅಂತಲೇ ನಾನು ಮೊದಲ ದಿನ ಹೇಳಿದ್ದು.

ನಾಲ್ಕುರೆಕ್ಕೆ
ಸರಿ ಸರ್, ಇರಲಿ. ಉಳಿದ ಎರಡು ಸಲ ಎಡಕ್ಕೆ ತಿರುಗಿ ಬಿತ್ತು. ಮುಂದಿನ ರೆಕ್ಕೆ ಎರಡೂ ಒಂದೇ ತೂಕ, ತೂಗಿ ನೋಡಿದ್ದೇನೆ.

ಹಳೇಬಾಲ್ಸಾ
ಎರಡು ಮಂಡಿಗೂ ಟ್ಯೂಬ್ ಒಂದೇ ತುಂಡಿನಿಂದ ಕತ್ತರಿಸಿದ್ದಾ?

ನಾಲ್ಕುರೆಕ್ಕೆ
ಇಲ್ಲ ಸರ್. ಎಡಗಡೆಯದು ಮನೆಯ ಹಳೇ ಸೈಕಲ್‌ನದು, ಬಲಗಡೆಯದು ಅಂಗಡಿಯಿಂದ ತಂದ ಹೊಸದು. ಈಗ ಒತ್ತಿ ನೋಡಿದೆ, ಎಡಗಡೆಯದು ಮೆತ್ತಗಿದೆ. ನಾಳೆ ಎರಡೂ ಹೊಸದು ಹಾಕಿ ಎಸೆದು ಬರೆಯುತ್ತೇನೆ.