ಗ್ರೈಂಡಿಂಗ್ ಶೆಡ್‌ನಲ್ಲಿ 97 ಡೆಸಿಬಲ್: ಇಯರ್ ಪ್ಲಗ್ ಕೊಟ್ಟರೆ ಸಾಕಾ?

ಶೆಡ್_ಸೂಪರ್‌ವೈಸರ್
ಆ್ಯಂಗಲ್ ಗ್ರೈಂಡರ್, ಪವರ್ ಪ್ರೆಸ್, ಏರ್ ಗನ್ ಎಲ್ಲವೂ ಒಂದೇ ಶೆಡ್‌ನಲ್ಲಿ. ಸೌಂಡ್ ಲೆವೆಲ್ ಮೀಟರ್ ಕೆಲಸಗಾರರ ಕಿವಿ ಹತ್ತಿರ 97 ಡಿಬಿಎ (ಮನುಷ್ಯನ ಕಿವಿಗೆ ಹೊಂದಿಸಿ ಅಳೆದ ಡೆಸಿಬಲ್) ತೋರಿಸ್ತಿದೆ. 8 ಗಂಟೆ ಶಿಫ್ಟ್. ಎನ್‌ಆರ್‌ಆರ್ (ಸದ್ದು ಎಷ್ಟು ತಗ್ಗಿಸುತ್ತೆ ಅನ್ನೋ ರೇಟಿಂಗ್) 30 ಇರೋ ಫೋಮ್ ಪ್ಲಗ್ ಕೊಟ್ಟಿದ್ದೇವೆ. 97ರಲ್ಲಿ 30 ಕಳೆದರೆ 67, ಅಂದಮೇಲೆ ಚಿಂತೆ ಇಲ್ಲ ಅಲ್ವಾ? ಮಾತು ಕೇಳಿಸಲ್ಲ ಅಂತ ಕೆಲವರು ಆಗಾಗ ತೆಗೀತಾರೆ. ಪ್ಲಗ್ ಜೊತೆ ಮಫ್ (ಕಿವಿ ಪೂರ್ತಿ ಮುಚ್ಚೋ ಕಪ್) ಕೂಡ ಬೇಕಾ?

ಡಿಬಿ_ಲೆಕ್ಕ
ಆ ಕಳೆಯುವ ಲೆಕ್ಕ ತಪ್ಪು. ಎನ್‌ಆರ್‌ಆರ್ ಲ್ಯಾಬ್‌ನಲ್ಲಿ ಸರಿಯಾಗಿ ತೊಡಿಸಿ ಅಳೆದ ಸಂಖ್ಯೆ. ಮೀಟರ್ ಎ-ವೇಟಿಂಗ್‌ನಲ್ಲಿದ್ದರೆ (ಡಿಬಿಎ ತೋರಿಸುವ ಸೆಟ್ಟಿಂಗ್) ಮೊದಲು 7 ಕಳೆಯಬೇಕು, ಉಳಿದ 23ರಲ್ಲಿ ಅರ್ಧವನ್ನಷ್ಟೇ ನಂಬಬೇಕು. ಅಂದರೆ ಸುಮಾರು 11.5, ಕಿವಿಗೆ ಬೀಳುವುದು 85.5.

ಕೆಲಸದ ಜಾಗದ ಸುರಕ್ಷತೆ ಕುರಿತ ಅಮೆರಿಕದ ನಯಾಷ್ (NIOSH) ಸಂಸ್ಥೆಯ ಮಿತಿ 8 ಗಂಟೆಗೆ 85 ಡಿಬಿಎ. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧಕ್ಕಿಳಿಯುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, ನಿಮ್ಮ 97ಕ್ಕೆ ಬರೀ 30 ನಿಮಿಷ. ಮಾತಾಡಲು ಅಂತ ದಿನಕ್ಕೆ ಒಟ್ಟು ಅರ್ಧ ಗಂಟೆ ಪ್ಲಗ್ ತೆಗೆದರೆ ಇಡೀ ದಿನದ ಪಾಲು ಅಲ್ಲೇ ಮುಗಿಯಿತು. ಎಷ್ಟೇ ಒಳ್ಳೆಯ ಪ್ಲಗ್ ಇದ್ದರೂ ಆ ಶಿಫ್ಟ್‌ಗೆ ಸಿಗುವ ರಕ್ಷಣೆ 12 ಡೆಸಿಬಲ್ ದಾಟುವುದಿಲ್ಲ. ದುಬಾರಿ ಪ್ಲಗ್ ಹುಡುಕುವ ಬದಲು, ತೆಗೆಯುವುದನ್ನು ನಿಲ್ಲಿಸಿ. ಮಾತು ಕೇಳಬೇಕಾದವರಿಗೆ ಎಲ್ಲ ಸ್ವರಗಳನ್ನೂ ಸಮವಾಗಿ ತಗ್ಗಿಸುವ ಪ್ಲಗ್ ಕೊಡಬಹುದು.

ಫಿಟ್_ನೋಡಿ
ಜೋಡಿ ರಕ್ಷಣೆ 100 ಡಿಬಿಎ ದಾಟಿದ ಜಾಗಕ್ಕೆ. ಎರಡರ ರೇಟಿಂಗ್ ಕೂಡಿಸೋಕೆ ಹೋಗಬೇಡಿ, ಹೆಚ್ಚು ಇರೋದಕ್ಕೆ ಸುಮಾರು 5 ಸೇರಿಸಿದರೆ ಸಾಕು.

ಮೊದಲು ಪ್ಲಗ್ ಹಾಕೋ ರೀತಿ ನೋಡಿ, ಬಹುತೇಕ ಕಡೆ ಅಲ್ಲೇ ಸೋಲೋದು. ಕೈ ತೊಳೆದು, ಸುಕ್ಕು ಬೀಳದಂತೆ ಸಣ್ಣ ಕಡ್ಡಿಯಾಗೋ ತನಕ ಉರುಳಿಸಬೇಕು. ಇನ್ನೊಂದು ಕೈಯನ್ನು ತಲೆ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ಕಿವಿನಾಳ ನೇರ ಆಗುತ್ತೆ. ಆಗ ತೂರಿಸಿ, ಉಬ್ಬೋ ತನಕ 20-30 ಸೆಕೆಂಡ್ ಬೆರಳಲ್ಲಿ ಒತ್ತಿ ಹಿಡೀಬೇಕು. ಎಲ್ಲರೂ ಅವಸರ ಮಾಡೋದು ಇಲ್ಲೇ: ತಕ್ಷಣ ಬೆರಳು ತೆಗೆದರೆ ಫೋಮ್ ಹೊರಗೆ ಜಾರಿ ಕಿವಿನಾಳದ ಬಾಯಲ್ಲೇ ನಿಲ್ಲುತ್ತೆ. ಎದುರಿಂದ ನೋಡಿದಾಗ ಪ್ಲಗ್ ತುದಿ ಚಾಚಿಕೊಂಡಿದ್ದರೆ ಒಳಗೆ ಹೋಗಿಲ್ಲ ಅಂತಲೇ. ಮೆಷಿನ್ ಓಡ್ತಿರುವಾಗ ಅಂಗೈಯಿಂದ ಕಿವಿ ಮುಚ್ಚಿ. ಸದ್ದು ಇನ್ನೂ ಚೆನ್ನಾಗಿ ತಗ್ಗಿದರೆ ಮತ್ತೆ ಹಾಕಿಸಿ.

ಮಫ್ ಆದರೆ ಸೇಫ್ಟಿ ಕನ್ನಡಕದ ದಪ್ಪ ಕಡ್ಡಿಯೇ ಶತ್ರು, ಕುಶನ್ ಎತ್ತಿಬಿಡುತ್ತೆ. ಗಟ್ಟಿಯಾದ, ಸೀಳಿದ ಕುಶನ್ ಬದಲಿಸಿ. ಹತ್ತಿಯಿಂದ ಏನೂ ಪ್ರಯೋಜನವಿಲ್ಲ.

ಸೈಲೆನ್ಸರ್
ಕಿವಿ ಮುಚ್ಚೋದು ಕೊನೇ ಸಾಲು ಸ್ವಾಮಿ. ಯಾವ ಸದ್ದು ಎಷ್ಟು ಅಂತ ಒಂದೊಂದನ್ನೇ ಓಡಿಸಿ ಅಳೀರಿ. ಏರ್ ಗನ್ 96, ಉಳಿದದ್ದೆಲ್ಲ ಸೇರಿ 90 ಅಂದುಕೊಳ್ಳಿ, ಒಟ್ಟು 97. ಉಳಿದದ್ದನ್ನೆಲ್ಲ ನಿಲ್ಲಿಸಿದರೂ ಇಳಿಯೋದು 1. ಗನ್ ಒಂದನ್ನು ನಿಲ್ಲಿಸಿದರೆ 7.

ಗನ್‌ಗೆ ಬರೀ ಪೈಪ್ ತುದಿ ಇದ್ದರೆ ಸಣ್ಣ ಸಣ್ಣ ತೂತುಗಳಿರೋ ನಾಝಲ್ ಹಾಕಿ, ರೆಗ್ಯುಲೇಟರ್‌ನಲ್ಲಿ ಕೆಲಸಕ್ಕೆ ಬೇಕಾದಷ್ಟೇ ಪ್ರೆಶರ್ ಇಡಿ. ಪ್ರೆಸ್‌ನ ಏರ್ ಎಕ್ಸಾಸ್ಟ್‌ಗೆ ಸೈಲೆನ್ಸರ್ ಕೂರಿಸಿ. ಅದು ಎಣ್ಣೆ, ಧೂಳು ಸೇರಿ ಕಟ್ಟಿಕೊಂಡರೆ ಸಿಲಿಂಡರ್ ನಿಧಾನ ಆಗುತ್ತೆ, ಆಪರೇಟರ್ ಬಿಚ್ಚಿ ಎಸೀತಾನೆ. ಸ್ವಚ್ಛ ಮಾಡೋ ದಿನ ಗೊತ್ತುಮಾಡಿ. ಪೀಸ್ ಬೀಳೋ ತಗಡಿನ ಚ್ಯೂಟ್‌ಗೆ ರಬ್ಬರ್ ಹಾಸಿ, ಬೀಳೋ ಎತ್ತರ ಕಡಿಮೆ ಮಾಡಿ. ಗ್ರೈಂಡಿಂಗ್‌ನಲ್ಲಿ ಅಗಲವಾದ ಪ್ಲೇಟ್ ಗಂಟೆ ಥರ ಮೊಳಗುತ್ತೆ. ಬಿಗಿಯಾಗಿ ಕ್ಲಾಂಪ್ ಮಾಡಿ ಮೇಲೆ ಮರಳು ಚೀಲ ಇಡಿ, ಕಿಡಿ ತಾಕದ ಕಡೆ.

ಶೆಡ್_ಸೂಪರ್‌ವೈಸರ್
ಗನ್ ನಾಝಲ್ ಇವತ್ತೇ ನೋಡ್ತೀನಿ. ಕಿವಿ ಪರೀಕ್ಷೆ ಯಾವಾಗ ಮಾಡಿಸಬೇಕು? ಎಲ್ಲರೂ ಚೆನ್ನಾಗೇ ಕೇಳುತ್ತೆ ಅಂತಾರೆ.

ಡಿಬಿ_ಲೆಕ್ಕ
ಹಾಗನ್ನಿಸುವುದು ಸಹಜ. ಪೆಟ್ಟು ಮೊದಲು ಬೀಳುವುದು 3000ದಿಂದ 6000 ಹರ್ಟ್ಸ್ ನಡುವೆ, ಹೆಚ್ಚಾಗಿ 4000ದ ಸುತ್ತ. ಎದುರುಬದುರು ಮಾತಿಗೆ ಆಗ ತೊಂದರೆ ಕಾಣುವುದಿಲ್ಲ. ಗದ್ದಲದಲ್ಲಿ ಸ, ಶ, ಫ ಗೊಂದಲವಾಗತೊಡಗುತ್ತವೆ. ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ರೋಮಕೋಶ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಈಗಲೇ ಮೊದಲ ಆಡಿಯೋಗ್ರಾಮ್ (ಕೇಳುವ ಶಕ್ತಿಯ ಪರೀಕ್ಷೆ) ಮಾಡಿಸಿ, ಅದಕ್ಕೆ ಮುಂಚೆ 14 ಗಂಟೆ ಗದ್ದಲದಿಂದ ದೂರವಿರಲಿ, ಇಲ್ಲದಿದ್ದರೆ ತಾತ್ಕಾಲಿಕ ಮಂದತನವೂ ಲೆಕ್ಕಕ್ಕೆ ಸೇರುತ್ತದೆ. ಆಮೇಲೆ ವರ್ಷಕ್ಕೊಮ್ಮೆ. ಒಂದು ಕಿವಿಯಲ್ಲಾದರೂ 2000, 3000, 4000 ಹರ್ಟ್ಸ್‌ನ ಸರಾಸರಿ 10 ಡೆಸಿಬಲ್ ಕುಸಿದಿದ್ದರೆ ವೈದ್ಯರಿಗೆ ತೋರಿಸಿ, ಪ್ಲಗ್ ಫಿಟ್ ಮತ್ತೆ ನೋಡಿ. ಪಕ್ಕದಲ್ಲಿ ಪೇಂಟಿಂಗ್ ಇದ್ದರೆ ಹೊಗೆ ಹೀರುವ ಫ್ಯಾನ್ ಸರಿಯಿದೆಯೇ ನೋಡಿ. ಟಾಲ್ವೀನ್, ಸ್ಟೈರೀನ್‌ನಂಥ ದ್ರಾವಕಗಳ ಆವಿಯೂ ಕಿವಿಗೆ ವಿಷ, ಗದ್ದಲದ ಜೊತೆ ಸೇರಿದರೆ ಹಾನಿ ಇನ್ನೂ ಹೆಚ್ಚು.