ಬೋರ್ ನೀರಲ್ಲಿ ಬೇಳೆನೇ ಬೇಯ್ತಿಲ್ಲ, ಏನ್ ಮಾಡೋದು?

ಸಂಪಿಗೆಮರ: ಬೆಂಗಳೂರಲ್ಲಿ ಹೊಸ ಏರಿಯಾಗೆ ಬಂದ್ವಿ, ಕಾವೇರಿ ನೀರು ವಾರಕ್ಕೆರಡು ಸಲ ಬಂದ್ರೆ ಹೆಚ್ಚು, ಮಿಕ್ಕಿದ್ದೆಲ್ಲಾ ಬೋರ್. ತೊಗರಿಬೇಳೆ ಎಷ್ಟು ವಿಶಲ್ ಕೂಗಿಸಿದ್ರೂ ಹಂಗೇ ಇರತ್ತೆ, ಗೀಸರ್ ನೀರಲ್ಲಿ ಬಿಳೀ ಚೂರು, ಸೋಪು ನೊರೆನೇ ಬರಲ್ಲ. ಇಡೀ ಮನೆಗೆ ಆರ್‌ಓ ಹಾಕಿಸ್ಬೇಕಾ?

ಕೊಳಗ: ಗಡಸು ನೀರು ಕಣ್ರೀ. ಅದರಲ್ಲಿರೋ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ (ಬೇಳೇನ ಹಿಡಿದಿಡೋ ಅಂಟಿನಂಥ ನಾರು) ಜೊತೆ ಸೇರ್ಕೊಂಡು ಗಟ್ಟಿ ಮಾಡ್ಬಿಡತ್ತೆ, ಅದಕ್ಕೇ ಕರಗಲ್ಲ. ಮೊದ್ಲು ಟೆಸ್ಟ್ ಮಾಡ್ಸಿ, ಕುಡಿಯೋ ನೀರಿಗೆ ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ನೀರೇ ಸಿಗಲ್ಲ ಅಂದ್ರೆ 600ರ ತನಕ ಅಂತ ಬಿಐಎಸ್ (ದೇಶದ ಗುಣಮಟ್ಟ ನಿಗದಿ ಮಾಡೋ ಸಂಸ್ಥೆ) ಲೆಕ್ಕ. ಇಡೀ ಮನೆಗೆ ಆರ್‌ಓ ಹುಚ್ಚುತನ, ಸುಮಾರು ನೀರು ಮೋರಿಗೆ ಹೋಗತ್ತೆ. ಬಚ್ಚಲಿಗೆ ಸಾಫ್ಟ್‌ನರ್ (ನೀರಿನ ಗಡಸುತನ ತೆಗೆಯೋ ಸಾಧನ) ಸಾಕು, ಆಗಾಗ ಉಪ್ಪು ಸುರೀತಿರ್ಬೇಕು ಅಷ್ಟೇ.

ಮಳೆಹುಳ: ನಮ್ಮಮ್ಮ ಚಿಟಿಕೆ ಸೋಡ ಹಾಕ್ತಾರೆ, ಬೇಯತ್ತೆ ಆದ್ರೆ ಸಾರಿನ ರುಚಿ ಕೆಡತ್ತೆ (ಅವ್ರಿಗೆ ಹೇಳೋ ಧೈರ್ಯ ನಂಗಿಲ್ಲ). ತಾರಸಿ ನೀರು ಹಿಡೀರಿ, ಮೊದಲ ಮಳೆ ಹೊರಗೆ ಬಿಟ್ಬಿಡಿ, ಆಮೇಲಿಂದು ಫಿಲ್ಟರ್ ಮಾಡಿ ಸಂಪ್‌ಗೆ (ನೆಲದಡಿ ತೊಟ್ಟಿಗೆ) ಬಿಡಿ.

ಸಂಪಿಗೆಮರ: ಸದ್ಯಕ್ಕೆ ಕಾವೇರಿ ಬಂದಾಗ ಅಡುಗೆಗೆ ಎರಡು ಬಿಂದಿಗೆ ಎತ್ತಿಡ್ತೀನಿ. ಸಾಫ್ಟ್‌ನರ್ ನೀರು ಗಿಡಕ್ಕೆ ಹಾಕ್ಬಹುದಾ?

ಕೊಳಗ: ಬೇಡ, ಸೋಡಿಯಂ ಇರತ್ತೆ. ಗಿಡಕ್ಕೆ ಬೋರ್ ನೀರೇ ವಾಸಿ.